ಪರೀಕ್ಷೆಗೆ ಮೊದಲಿನ ಪರೀಕ್ಷೆ

ಕುಣಿಗಲನ್ನು ದಾಟಿ ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಯಡಿಯೂರು ಸಿಕ್ಕುತ್ತದೆ. ಅಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಬಹುಮಂದಿ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನಕ್ಕೆ ಬಂದವರು. ಅಂಥ ಊರಿನ ಮನೆಯೊಂದರಲ್ಲಿ ಪಿಯಾನೋ ಕಲಿಯುವ ಹುಡುಗಿಯೊಬ್ಬಳಿದ್ದಾಳೆಂದು ವಾಚಕರು ಭಾವಿಸಿಕೊಳ್ಳಲಿ. ವಾರಕ್ಕೊಮ್ಮೆ ಬೆಂಗಳೂರಿಗೆ ಪಾಠಕ್ಕೆ ಹೋಗುತ್ತಾಳೆ. ಉಳಿದ ದಿನಗಳಲ್ಲಿ ಮನೆಯ ಕೀಬೋರ್ಡೇ ಗತಿ. ಪಿ.ಯು.ಸಿ. ಮುಗಿಯುತ್ತಿದೆ. ತಂದೆಗೆ ಇಂಜಿನಿಯರಿಂಗ್ ಸೀಟಿನ ಯೋಚನೆ. ಮಗಳಿಗೆ ಸಂಗೀತ ಮಹಾವಿದ್ಯಾಲಯದ ಹಂಬಲ. "ಒಂದು ಸಲ ಪ್ರಯತ್ನ ಮಾಡು. ಆಗದಿದ್ದರೆ ನಾನು ಹೇಳಿದ್ದನ್ನು ಕೇಳಬೇಕು" ಎಂದು ತಂದೆ ಒಪ್ಪಿದ್ದಾರೆ. ಆ ಒಂದು ಸಲಕ್ಕೆ ನುಡಿಸಬೇಕಾದುದು ಏನು?

ಹುಡುಗಿಯ ಮನಸ್ಸು ಆಗಲೇ ನಿಶ್ಚಯವಾಗಿದೆ: ಷೋಪೆನ್ ರಚಿಸಿದ ಮೊದಲನೆಯ ಬಲ್ಲಾಡ್. 1836ರಲ್ಲಿ ಪ್ರಕಟವಾದ ಈ ಕೃತಿ ಕಥೆ ಹೇಳುವಂತೆ ಮೆಲ್ಲನೆ ಆರಂಭವಾಗಿ ಬಿರುಗಾಳಿಯಂಥ ಮುಕ್ತಾಯಕ್ಕೆ ಏರುತ್ತದೆ. ಕೇಳಿದವರು ಬೆರಗಾಗುತ್ತಾರೆ. ಆದರೆ ನುಡಿಸುವ ಬೆರಳುಗಳು ಆ ಕಡೆಯ ಎರಡು ಪುಟಗಳಲ್ಲೇ ಸೋಲುವುದು ಹೆಚ್ಚು. ಅಲ್ಲಿಯವರೆಗೆ ಗಳಿಸಿದ ಗೌರವವೆಲ್ಲ ಒಂದು ನಿಮಿಷದಲ್ಲಿ ಕರಗಿಹೋಗಬಹುದು.

ಮಹಾವಿದ್ಯಾಲಯಗಳು ಸಾಮಾನ್ಯವಾಗಿ ಒಂದೇ ಬಗೆಯ ಸಾಮರ್ಥ್ಯವನ್ನು ನೋಡಿ ತೃಪ್ತಿಪಡುವುದಿಲ್ಲ. ಅವುಗಳ ಪಟ್ಟಿಯಲ್ಲಿ ಮೇಲಿಂದ ಮೇಲೆ ಕಾಣುವುದು ನಾಲ್ಕು ಬಗೆ. ಮೊದಲನೆಯದು ಬಾಖ್‌ನ ಪ್ರಿಲ್ಯೂಡ್ ಮತ್ತು ಫ್ಯೂಗ್. 1722ರ ಮೊದಲ ಸಂಪುಟದಲ್ಲಿ ಇಪ್ಪತ್ತನಾಲ್ಕು ಜೋಡಿ, ಎರಡನೆಯದರಲ್ಲಿ ಮತ್ತೆ ಅಷ್ಟೇ. ಫ್ಯೂಗಿನಲ್ಲಿ ಎರಡೇ ಕೈಗಳು ಮೂರು ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಮಾತನಾಡಿಸಬೇಕು. ಇದು ಬುದ್ಧಿಯ ಪರೀಕ್ಷೆ. ಎರಡನೆಯದು ಹೈಡನ್, ಮೊಟ್ಸಾರ್ಟ್ ಅಥವಾ ಬೀಥೋವನ್‌ನ ಸೊನಾಟಾ. ಇದು ಕಟ್ಟಡದ ಪರೀಕ್ಷೆ. ಮೂರನೆಯದು ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಕೃತಿ. ಇಲ್ಲಿ ನಾದವೇ ಪ್ರಾಣ. ನಾಲ್ಕನೆಯದು ಎಟ್ಯೂಡ್, ಎಂದರೆ ಕೈಚಳಕದ ಒಂದೊಂದು ಕಷ್ಟವನ್ನು ಹಿಡಿದು ರಚಿಸಿದ ಸಾಧನೆಯ ಕೃತಿ. ಇಪ್ಪತ್ತನೆಯ ಶತಮಾನದ ರಚನೆಯನ್ನು ಕೇಳುವವರೂ ಉಂಟು. ಕಚೇರಿಯಲ್ಲಿ ವರ್ಣ, ಕೃತಿ, ರಾಗವಿಸ್ತಾರ, ತಿಲ್ಲಾನಗಳಿಗೆ ಒಂದೊಂದು ಸ್ಥಾನವಿರುವಂತೆ ಇಲ್ಲಿಯೂ ಒಂದು ಹೇಳದ್ದನ್ನು ಇನ್ನೊಂದು ಹೇಳಬೇಕು. ನಾಲ್ಕೂ ಅಬ್ಬರದವಾದರೆ ಪರೀಕ್ಷಕರು ಒಂದನ್ನೇ ನಾಲ್ಕು ಸಲ ಕೇಳಿದಂತಾಗುತ್ತದೆ.

ಯಡಿಯೂರಿನ ಹುಡುಗಿಗೆ ಇನ್ನೊಂದು ತೊಡಕುಂಟು. ಪಿಯಾನೋವಿಗೆ ಎಂಬತ್ತೆಂಟು ಮನೆಗಳು. ಅಗ್ಗದ ಕೀಬೋರ್ಡಿಗೆ ಅರವತ್ತೊಂದೇ. ಪಿಯಾನೋವಿನ ಪ್ರತಿಯೊಂದು ಮನೆಯ ಹಿಂದೆಯೂ ತಂತಿಯನ್ನು ಬಡಿಯುವ ಸುತ್ತಿಗೆಯಿದೆ. ಅದರ ತೂಕ ಬೆರಳಿಗೆ ತಿಳಿಯುತ್ತದೆ. ಆ ತೂಕಕ್ಕೆ ಪಳಗದ ಬೆರಳು ದೀರ್ಘವಾದ ಅಬ್ಬರದಲ್ಲಿ ಬೇಗ ದಣಿಯುತ್ತದೆ. ಆದಕಾರಣ ಆಯ್ಕೆ ಮಾಡುವಾಗ ಕನಸನ್ನು ಮಾತ್ರವಲ್ಲ, ಮನೆಯಲ್ಲಿರುವ ವಾದ್ಯವನ್ನೂ, ವಾದ್ಯದ ಮುಂದೆ ಕುಳಿತುಕೊಳ್ಳಲು ದೊರೆಯುವ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಾಗೆಂದು ಆಯ್ಕೆ ಬರಿಯ ಲೆಕ್ಕಾಚಾರವಾಗಬಾರದು. ಪಿಯಾನೋ ಮೈಸೂರು ಸೀಮೆಗೆ ಹೊಸದಲ್ಲ. ಜಯಚಾಮರಾಜ ಒಡೆಯರು ಈ ವಾದ್ಯವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದವರು. ಪಿಯಾನೋ ವಾದಕರಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ಕಾಲವಾದರು. ಇಪ್ಪತ್ತೊಂದರ ತರುಣನಿಗೆ ಸಿಂಹಾಸನ ಬಂದಿತು, ಆಸೆ ಹಿಂದುಳಿಯಿತು. ಮುಂದೆ ಅವರು ನೆರವಿಗೆ ಆರಿಸಿಕೊಂಡದ್ದು ಲೋಕದ ಬಾಯಲ್ಲಿದ್ದ ದೊಡ್ಡ ಹೆಸರನ್ನಲ್ಲ. ಲಂಡನ್ನಿನಲ್ಲಿ ನೆಲೆಸಿ, ಮುಪ್ಪಿನಲ್ಲಿ ಹೆಚ್ಚು ಮಂದಿಗೆ ಬೇಡವಾಗಿದ್ದ ರಷ್ಯದ ನಿಕೊಲಾಯ್ ಮೆಡ್ಟ್‌ನರ್‌ನನ್ನು. ಆತ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಅವರ ಹಣ ನೆರವಾಯಿತು. ಕೃತಜ್ಞತೆಯಿಂದ ಆತ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಮೆಡ್ಟ್‌ನರ್ ತೀರಿಕೊಂಡಾಗ ಆ ಧ್ವನಿಮುದ್ರಿಕೆಗಳು ಉಳಿದಿದ್ದವು. ಕೀರ್ತಿಗೆ ಮರುಳಾಗದ ಕಿವಿಯೊಂದು ಮಾಡಿದ ಆಯ್ಕೆ ಅದು.

ಮನೆಯ ಚರ್ಚೆಯನ್ನು ಹಲವು ದಿನ ಕೇಳುತ್ತ ಕುಳಿತಿದ್ದ ತಾತ ಕೊನೆಗೆ ಒಂದು ಮಾತು ಕೇಳಿದರು: "ಮಗಳೇ, ನಿನಗೆ ಜ್ವರ ಬಂದ ದಿನವೂ ನುಡಿಸಬಲ್ಲೆ ಎನ್ನುವಂಥದ್ದು ಯಾವುದು?"

ಹುಡುಗಿ ಯೋಚಿಸಿ, "ಮೊಟ್ಸಾರ್ಟನ ಸೊನಾಟಾ ತಾತ. ಎರಡು ವರ್ಷದಿಂದ ನುಡಿಸುತ್ತಿದ್ದೇನೆ. ಆದರೆ ಅದು ತೀರ ಸುಲಭ ಅಂದುಕೊಂಡಾರು" ಎಂದಳು.

"ತೇರು ಹೊರಡುವಾಗ ಎಲ್ಲರೂ ಕೂಗುತ್ತಾರಮ್ಮ. ಅದು ನೆಲೆಗೆ ಬಂದು ನಿಲ್ಲಬೇಕಲ್ಲ, ದೊಡ್ಡದು ಅದು."

ಮೊಟ್ಸಾರ್ಟ್ ಸುಲಭನೆಂಬುದು ನುಡಿಸದವರ ಮಾತು. ಅಲ್ಲಿ ಸ್ವರಗಳು ಕಡಿಮೆ. ಅಡಗಿಕೊಳ್ಳಲು ಸ್ಥಳವೂ ಕಡಿಮೆ. ಪರೀಕ್ಷಕರು ಅನೇಕ ವೇಳೆ ಕೃತಿಯನ್ನು ನಡುವೆಯೇ ನಿಲ್ಲಿಸಿ ಮುಂದಿನದನ್ನು ಕೇಳುತ್ತಾರೆ. ಬೆರಳಿನ ಗುಣ ಅವರಿಗೆ ಮೊದಲ ಕೆಲವು ನಿಮಿಷಗಳಲ್ಲಿಯೇ ತಿಳಿದುಬಿಡುತ್ತದೆ. ಆದ್ದರಿಂದ ಆರಂಭಕ್ಕೆ ಕೈಯನ್ನು ಸ್ಥಿಮಿತಕ್ಕೆ ತರುವ ಕೃತಿಯಿರುವುದು ಲೇಸು. ಎಲ್ಲವೂ ಕಂಠಪಾಠವಾಗಿ, ನಾಲ್ಕು ಜನರ ಮುಂದೆ ನಾಲ್ಕಾರು ಸಲ ನುಡಿಸಿ, ಎಡವಿ, ಎದ್ದು ಬಂದಿರಬೇಕು.

ಸಿದ್ಧಲಿಂಗರು ಸಮೀಪದ ಕಗ್ಗೆರೆಯ ತೋಟದಲ್ಲಿ ಹುತ್ತ ಬೆಳೆಯುವವರೆಗೆ ತಪಸ್ಸಿಗೆ ಕುಳಿತಿದ್ದರೆಂದೂ, ಅದರಿಂದಲೇ 'ತೋಂಟದ' ಎಂಬ ಹೆಸರು ಬಂದಿತೆಂದೂ ಪ್ರತೀತಿ. ಮಾಗುವುದಕ್ಕೆ ಕಾಲ ಬೇಕೆಂಬುದನ್ನು ಆ ಊರಿನವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಆ ರಾತ್ರಿ ಹುಡುಗಿ ಬಲ್ಲಾಡಿನ ಪುಟಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು, ಹರಿದುಹಾಕಲಿಲ್ಲ. ವಿದ್ಯಾಲಯ ಸೇರಿದ ಮೇಲೆ ಕಲಿಯುವುದಕ್ಕೂ ಏನಾದರೂ ಉಳಿದಿರಬೇಕಷ್ಟೆ.