ತಲೆಸುತ್ತಿನ ಸಾಕ್ಷ್ಯ

ಚಾರ್ಮಾಡಿ ಘಾಟಿಯ ಬಸ್ಸು ಹತ್ತುವ ಮುನ್ನ ನಾಲ್ಕು ಬಿಳಿ ಗುಳಿಗೆಗಳನ್ನು ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. ಸೀಸೆಯ ಮೇಲೆ ‘ಕಾಕ್ಯುಲಸ್ ಇಂಡಿಕಸ್ 30’ ಎಂದಿರುತ್ತದೆ. ತಲೆಸುತ್ತು, ಓಕರಿಕೆ, ನಿದ್ದೆಗೆಟ್ಟ ಸುಸ್ತು ಮೂರೂ ಕೂಡಿ ಬಂದರೆ ಹೋಮಿಯೋಪಥಿ ವೈದ್ಯರಿಗೆ ಬೇಗ ನೆನಪಾಗುವ ಮದ್ದು ಇದು. ಕೇಳಿದರೆ ಒಂದೇ ಉತ್ತರ: ‘ನನಗೆ ಗುಣ ಕೊಟ್ಟಿದೆ.’ ಆ ಮಾತನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಅದನ್ನು ಪುರಾವೆ ಎಂದು ಒಪ್ಪಬಹುದೇ ಎಂಬುದಷ್ಟೇ ಪ್ರಶ್ನೆ.

ಈ ಮದ್ದಿನ ಮೂಲ ಪಶ್ಚಿಮ ಘಟ್ಟದ ಕಾಡಿನಲ್ಲೇ ಮರಕ್ಕೆ ಹಬ್ಬಿ ಬೆಳೆಯುವ ಕಾಕಮಾರಿ ಬಳ್ಳಿ. ಅದರ ಕಾಯಿ ಅರೆದು ಹೊಳೆಗುಂಡಿಗೆ ಹಾಕಿದರೆ ಮೀನುಗಳು ಅಮಲೇರಿ ಹೊಟ್ಟೆ ಮೇಲಾಗಿ ತೇಲುತ್ತವೆ. ಮಲಬಾರ್ ತೀರದಿಂದ ಹೊರಟ ಒಣ ಕಾಯಿ ಇಂಗ್ಲೆಂಡಿನಲ್ಲಿ ಕದ್ದುಮುಚ್ಚಿ ಬಿಯರಿಗೆ ಬೆರೆಯುತ್ತಿತ್ತು. ಮಾಲ್ಟ್ ಕಡಿಮೆ ಹಾಕಿ ಅಮಲು ಹೆಚ್ಚಿಸುವ ಉಪಾಯ. 1816ರ ಕಾನೂನು ಅದನ್ನು ಹೆಸರು ಹಿಡಿದೇ ನಿಷೇಧಿಸಿತು. ಅದಕ್ಕೆ ನಾಲ್ಕು ವರ್ಷ ಮೊದಲು ಫ್ರಾನ್ಸಿನ ಬುಲೇ ಈ ಕಾಯಿಯೊಳಗಿನ ವಿಷವನ್ನು ಬೇರ್ಪಡಿಸಿದ್ದ. ಪಿಕ್ರೊಟಾಕ್ಸಿನ್ ಎಂಬ ಆ ವಿಷ, ಮಿದುಳಿನ ನರಕೋಶಗಳ ಉದ್ರೇಕವನ್ನು ತಗ್ಗಿಸುವ ‘ಗ್ಯಾಬಾ’ದ ಕೆಲಸಕ್ಕೆ ಅಡ್ಡ ಬರುತ್ತದೆ. ಪ್ರಮಾಣ ಮೀರಿದರೆ ಸೆಳವು, ಸಾವು.

ಅಂದರೆ ಕಾಕಮಾರಿ ಶಕ್ತಿಯಿಲ್ಲದ ಗಿಡವೇನಲ್ಲ. ಕಾಯಿಲೆಯಂಥದೇ ಲಕ್ಷಣ ಹುಟ್ಟಿಸುವ ವಸ್ತುವೇ ಆ ಕಾಯಿಲೆಗೆ ಮದ್ದು ಎಂದು ಜರ್ಮನಿಯ ಹಾನೆಮಾನ್ 1796ರಲ್ಲಿ ಮಂಡಿಸಿದ. ತಲೆ ತಿರುಗಿಸುವ ಕಾಯಿ ತಲೆಸುತ್ತಿಗೆ ಮದ್ದಾದದ್ದು ಹಾಗೆ. ಆದರೆ ಅವನ ಪದ್ಧತಿಯಲ್ಲಿ ಒಂದು ಪಾಲಿಗೆ 99 ಪಾಲು ದ್ರಾವಕ ಬೆರೆಸಿ ಕುಲುಕುತ್ತಾರೆ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು. ಸೀಸೆಯ ಮೇಲಿನ 30 ಎಂದರೆ ಇದು ಮೂವತ್ತು ಸಲ ನಡೆದಿದೆ ಎಂದರ್ಥ. ಹನ್ನೆರಡನೆಯ ಹಂತ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಕ್ಷೀಣಿಸುತ್ತ ಹೋಗುತ್ತದೆ. ಮೂವತ್ತರಲ್ಲಿ ಇಲ್ಲವೆಂದೇ ಲೆಕ್ಕ. ಮೀನಿಗೆ ಮತ್ತೇರಿಸಿದ್ದು ಯಾವುದೋ ಅದು ಗುಳಿಗೆಯಲ್ಲಿಲ್ಲ.

ಹಾಗಿದ್ದರೆ ಗುಣವಾದದ್ದು? ತಲೆಸುತ್ತಿನ ಸ್ವಭಾವವನ್ನೇ ನೋಡಬೇಕು. ಘಾಟಿ ಇಳಿದರೆ ಓಕರಿಕೆ ತಾನಾಗಿ ತಗ್ಗುತ್ತದೆ. ಒಳಕಿವಿಯ ಸುಣ್ಣದ ಹರಳು ಜರುಗಿ ಬರುವ ತಲೆಸುತ್ತು ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ಹಾಗೆಯೇ ಹೋಗುತ್ತದೆ. ಕಾಯಿಲೆ ತೀರ ಹೆಚ್ಚಾದ ದಿನವೇ ನಾವು ಮದ್ದು ಹುಡುಕುವುದರಿಂದ, ಮರುದಿನ ಇಳಿಮುಖವಾಗುವ ಸಂಭವವೇ ಹೆಚ್ಚು. ಕಪ್ಪೆಗೆ ಮದುವೆ ಮಾಡಿಸುವುದು ಮುಂಗಾರು ತಡವಾದಾಗಲೇ. ಆಮೇಲೆ ಮಳೆ ಬಂದೇ ಬರುತ್ತದೆ.

‘ವಿಜ್ಞಾನಿಗಳೇ ಪರೀಕ್ಷಿಸಿದ್ದಾರಲ್ಲ’ ಎನ್ನುವವರಿಗೆ ಒಂದು ಆಧಾರವಿದೆ. 1998ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನವೊಂದು ಕಾಕ್ಯುಲಸ್ ಸೇರಿದ ಮಿಶ್ರಣವನ್ನು 119 ರೋಗಿಗಳಲ್ಲಿ ಬೀಟಾಹಿಸ್ಟೀನ್ ಎಂಬ ಅಲೋಪತಿ ಮಾತ್ರೆಯೊಡನೆ ಹೋಲಿಸಿ, ಎರಡೂ ಹೆಚ್ಚುಕಡಿಮೆ ಸಮ ಎಂದಿತು. ಆ ಮಿಶ್ರಣ 30ರಷ್ಟು ತೆಳುವೂ ಅಲ್ಲ. ಆದರೆ ಮದ್ದೇ ಇಲ್ಲದ ಹುಸಿಗುಳಿಗೆ ಕೊಟ್ಟ ಮೂರನೆಯ ಗುಂಪು ಅಲ್ಲಿರಲಿಲ್ಲ. 2016ರಲ್ಲಿ ತಲೆಸುತ್ತು ತರುವ ಮೆನಿಯೇರ್ ಕಾಯಿಲೆಯವರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲ ಹೊರಬಂತು: ಬೀಟಾಹಿಸ್ಟೀನ್ ಕೂಡ ಹುಸಿಗುಳಿಗೆಗಿಂತ ಮಿಗಿಲೆಂದು ಕಾಣಲಿಲ್ಲ. ಅದನ್ನು ಇಂದಿಗೂ ಧಾರಾಳವಾಗಿ ಬರೆದುಕೊಡುವ ನಮ್ಮ ಅಲೋಪತಿ ವೈದ್ಯರೂ ಈ ಪ್ರಶ್ನೆಯಿಂದ ಜಾರಿಕೊಳ್ಳುವಂತಿಲ್ಲ. ಅನುಭವದ ಮಾತು ಪದ್ಧತಿ ನೋಡಿ ಮೋಸ ಮಾಡುವುದಿಲ್ಲ. ಅದೇ ಹರಳು ಜರುಗಿದ ತಲೆಸುತ್ತಿಗೆ ಅಮೆರಿಕದ ಎಪ್ಲಿ ರೂಪಿಸಿದ, ತಲೆಯನ್ನು ಕ್ರಮವಾಗಿ ತಿರುಗಿಸಿ ಮಲಗಿಸುವ ವಿಧಾನವಿದೆ. ಅದರಲ್ಲಿ ಔಷಧವೇ ಇಲ್ಲ, ಮಾರುವ ಸೀಸೆಯೂ ಇಲ್ಲ. ಹುಸಿ ವಿಧಾನದ ಎದುರು ಇಟ್ಟು ನೋಡಿದಾಗ ಗೆದ್ದದ್ದು ಅದು.

ಗುಳಿಗೆಯಿಂದ ಕೇಡೇನು ಎಂದು ಕೇಳಬಹುದು. ತಲೆಸುತ್ತಿನ ಹಿಂದೆ ರಕ್ತಹೀನತೆ ಇರಬಹುದು, ಬಿಪಿ ಮಾತ್ರೆಯ ಏರುಪೇರಿರಬಹುದು. ಮಾತು ತೊದಲಿ, ನಡಿಗೆ ವಾಲಿದರೆ ಸ್ಟ್ರೋಕೇ ಇರಬಹುದು. ಅಲ್ಲಿ ಮೂರು ದಿನ ಕಾದು ನೋಡುವುದೇ ಕೇಡು.

ಹೋಮಿಯೋಪಥಿ ಒಂದನ್ನು ಮಾತ್ರ ಚೆನ್ನಾಗಿ ಗಮನಿಸಿದೆ ಎನ್ನಬೇಕು. ಕಾಕ್ಯುಲಸ್ ಯಾರಿಗೆ ಎಂದು ಅದರ ಪುಸ್ತಕಗಳು ಹೇಳುವಾಗ, ರೋಗಿಯ ಪಕ್ಕ ರಾತ್ರಿಗಟ್ಟಲೆ ಎದ್ದಿದ್ದು ಬಸವಳಿದವರು ಎಂಬ ವಿವರ ಬರುತ್ತದೆ. ನಮ್ಮ ಮನೆಗಳಲ್ಲಿ ಆ ಜೀವ ಬಹುಪಾಲು ಸೊಸೆ, ಮಗಳು, ಇಲ್ಲವೇ ಹೆಂಡತಿ. ಆಸ್ಪತ್ರೆಗೆ ಹೋದರೆ ಕಡತ ಹಾಸಿಗೆ ಹಿಡಿದವರ ಹೆಸರಿನಲ್ಲಿರುತ್ತದೆ. ಈಕೆಯನ್ನು ಕೂರಿಸಿ, ನಿದ್ದೆ ಎಷ್ಟಾಗುತ್ತದೆ ಎಂದು ಅರ್ಧ ಗಂಟೆ ಕೇಳಿದವರು ಹೋಮಿಯೋಪಥಿ ವೈದ್ಯರೊಬ್ಬರೇ ಇದ್ದರೂ ಇರಬಹುದು. ಆಕೆಗೆ ಹಗುರಾದದ್ದು ನಿಜವೇ. ಅಷ್ಟೆಲ್ಲ ಕೇಳಿ ಕೊನೆಗೆ ಸೀಸೆ ಕೊಟ್ಟು ಕಳಿಸುವುದರಲ್ಲಿ ಮಾತ್ರ ನನ್ನ ತಕರಾರು. ಆಕೆಯ ಹಿಮೋಗ್ಲೋಬಿನ್ ನೋಡಿಸಬೇಕು. ಜೊತೆಗೆ ಬಂದ ಗಂಡನನ್ನೋ ಮೈದುನನನ್ನೋ ಒಳಗೆ ಕರೆದು, ಇವತ್ತು ರಾತ್ರಿ ಅತ್ತೆಯ ಹತ್ತಿರ ಯಾರು ಮಲಗುತ್ತೀರಿ ಎಂದು ಕೇಳಬೇಕು.