ಅಮರ ಕ್ಯಾಸೆಟ್ಟುಗಳೂ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ಟುಗಳೂ

ಕಳೆದ ರಾಜ್ಯೋತ್ಸವದ ಹಿಂದುಮುಂದಿನ ದಿನಗಳಲ್ಲಿ, ಈಗ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪಟ್ಟಿಯನ್ನು ಕಳುಹಿಸಿದ್ದ. ‘ಕನ್ನಡದ ಹತ್ತು ಅಮರ ಆಲ್ಬಮ್‌ಗಳು’ ಎಂದು ಅದರ ತಲೆಬರಹ. ಮೊದಲನೆಯದು ‘ನಿತ್ಯೋತ್ಸವ’, ಎರಡನೆಯದು ‘ಮೈಸೂರು ಮಲ್ಲಿಗೆ’, ಮೂರನೆಯದು ಶಿಶುನಾಳ ಶರೀಫರ ಗೀತೆಗಳು, ಅನಂತರ ‘ಮಾವು-ಬೇವು’. ಹೀಗೆಯೇ ಕೊನೆಯವರೆಗೂ. ‘ಸಾರ್, ತಾವು ಒಪ್ಪಿ ಎರಡು ಮಾತು ಬರೆದುಕೊಟ್ಟರೆ ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ಹಾಕುತ್ತೇವೆ’ ಎಂದು ವಿನಯದಿಂದ ಕೇಳಿದ್ದ. ಒಪ್ಪಲಾರೆ ಎಂದು ಒಂದೇ ಸಾಲು ಬರೆದೆ. ಅವನಿಗೆ ನೋವಾಯಿತೆಂದು ಮಳವಳ್ಳಿಯಲ್ಲಿರುವ ಅವನ ಅಕ್ಕನಿಂದ ತಿಳಿಯಿತು. ಏಕೆ ಒಪ್ಪಲಾರೆ ಎಂಬುದನ್ನು ವಿವರಿಸಬೇಕಾದ ಹೊಣೆ ಈಗ ನನ್ನ ಮೇಲಿದೆ.

ಆ ಪಟ್ಟಿಯಲ್ಲಿರುವ ಕ್ಯಾಸೆಟ್ಟುಗಳನ್ನು ನಾನು ಕೀಳಾಗಿ ಕಾಣುತ್ತೇನೆಂದು ಯಾರೂ ಭಾವಿಸಬಾರದು. ಅವುಗಳಲ್ಲಿ ಆರು ನನ್ನ ಮನೆಯಲ್ಲಿಯೇ ಇವೆ. ಬಾಕಿ ಸಂಬಳ ಕೈಗೆ ಬಂದ ವರ್ಷ ಟೇಪ್ ರೆಕಾರ್ಡರು ಕೊಂಡು ತಂದಾಗ ಮೊದಲು ಹಾಕಿದ್ದೇ ‘ನಿತ್ಯೋತ್ಸವ’. ಪಟ್ಟಿ ಬಂದ ಮೇಲೆ ನಾಲ್ಕು ಸಂಜೆ ಕುಳಿತು, ಆ ಆರನ್ನೂ ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಫೋನಿನಲ್ಲಿ ಒಂದೊಂದು ಹಾಡನ್ನು ಹೆಕ್ಕಿ ಕೇಳುವ ಈಗಿನ ಕ್ರಮದಲ್ಲಲ್ಲ. ಒಂದು ಬದಿ ಮುಗಿದ ಮೇಲೆ ತಿರುವಿಹಾಕಿ ಕೇಳುವ ಹಳೆಯ ಕ್ರಮದಲ್ಲಿ.

1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ‘ನಿತ್ಯೋತ್ಸವ’ ಹೊರಬಂದಾಗ, ಕನ್ನಡ ಭಾವಗೀತೆಗಳ ಕ್ಯಾಸೆಟ್ ಎಂಬುದೇ ಇರಲಿಲ್ಲ. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಂದಿಗೆ ಹಾಡಿದ ಗ್ರಾಮಫೋನ್ ಪ್ಲೇಟುಗಳಿದ್ದವು, ಆಕಾಶವಾಣಿಯಿತ್ತು. ಆದರೆ ಒಬ್ಬ ಕವಿಯನ್ನು ಮನೆಗೆ ಕೊಂಡುತಂದು, ಬೇಕೆಂದಾಗ ಹಾಡಿಸಿಕೊಳ್ಳುವ ಭಾಗ್ಯ ಹೊಸದು. ಅನಂತಸ್ವಾಮಿಯವರ ಹಾಡಿಕೆಯಲ್ಲಿ ಇಂದಿಗೂ ನನಗೆ ಮೆಚ್ಚುಗೆಯಾಗುವುದು, ರಾಗವು ಮಾತಿನ ಹಿಂದೆ ನಡೆಯುವ ಸೌಜನ್ಯ. ಮಾತನ್ನು ಎಳೆದು ಕುಣಿಸುವ ಚಟ ಅವರಿಗಿಲ್ಲ. ಇಷ್ಟು ವರ್ಷಗಳ ಮೇಲೆ ಕೇಳಿದಾಗ ವಾದ್ಯಮೇಳ ಸ್ವಲ್ಪ ತೆಳುವೆನಿಸಿತು, ಹಾಡಿಕೆ ತೆಳುವಾಗಿಲ್ಲ.

‘ಮೈಸೂರು ಮಲ್ಲಿಗೆ’ಯ ವಿಚಾರದಲ್ಲಿ ನನ್ನ ಹಳೆಯ ತಕರಾರು ಹಾಗೆಯೇ ಉಳಿದಿದೆ. ಕೆ.ಎಸ್. ನರಸಿಂಹಸ್ವಾಮಿಯವರು ನಮ್ಮ ಜಿಲ್ಲೆಯ ಕಿಕ್ಕೇರಿಯವರು. 1942ರ ಆ ಸಂಕಲನದಲ್ಲಿ ವಿರಹ ಎಷ್ಟಿದೆಯೋ ಅಷ್ಟೇ ಕೀಟಲೆಯಿದೆ, ಮನೆಮಂದಿಯ ಗಿಜಿಗಿಜಿಯಿದೆ, ಸಂಕೋಚವಿದೆ. ಸಿ. ಅಶ್ವಥ್ ಅವರ ಸಂಯೋಜನೆ ಇಂಪಾದುದೇ ಸರಿ. ಆದರೆ ಆ ಇಂಪು ಕೀಟಲೆಯನ್ನೆಲ್ಲ ಹಂಬಲಿಕೆಯಾಗಿ ಮಾರ್ಪಡಿಸಿಬಿಟ್ಟಿತು. ತರಗತಿಯಲ್ಲಿ ‘ರಾಗ ಬಿಟ್ಟು ಓದಿರಪ್ಪಾ’ ಎಂದರೆ ನಿಮ್ಮಲ್ಲಿ ಎಷ್ಟು ಮಂದಿಗೆ ಓದಲಾಗುತ್ತಿತ್ತು? ನೆನಪಿದೆಯೇ? ಎರಡನೆಯ ಸಾಲಿಗೇ ಕೊರಳು ತಾನಾಗಿ ಕ್ಯಾಸೆಟ್ಟಿನ ದಾರಿ ಹಿಡಿಯುತ್ತಿತ್ತು.

ಶರೀಫರ ಗೀತೆಗಳಲ್ಲಿ ಮಾತ್ರ ಅಶ್ವಥ್ ಅವರೇ ಬೇರೆ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರನ್ನು ಓದುಗರ ಮುಂದಿಟ್ಟರು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರು ಅದನ್ನು ಹಳೆಯ ಮೈಸೂರಿನ ಮನೆಗಳಿಗೆ ಮುಟ್ಟಿಸಿದರು. ಅಶ್ವಥ್ ಅವರ ಒರಟು ಕೊರಳಿಗೆ ಅಲ್ಲಿ ಸರಿಯಾದ ಕೆಲಸ ಸಿಕ್ಕಿತು. ಪಟ್ಟಿಯಲ್ಲಿ ಇದು ಮೊದಲನೆಯದಾಗಬೇಕಿತ್ತೆಂದು ನನ್ನ ಮತ. ಆದರೂ ಒಂದು ಮಾತು. ಶಿಗ್ಗಾವಿಯ ಸೀಮೆಯಲ್ಲಿ, ಧಾರವಾಡದ ಕಡೆಯಲ್ಲಿ ಭಜನೆಯವರು ಈ ಪದಗಳನ್ನು ಏಕತಾರಿಯ ಮೇಲೆ ಹಾಡುತ್ತಲೇ ಇದ್ದರು. ಕ್ಯಾಸೆಟ್ಟು ಬರುವವರೆಗೆ ನಮ್ಮ ಕಿವಿಗೆ ಅವರು ಬೀಳಲಿಲ್ಲ, ಅಷ್ಟೇ. ನಮ್ಮ ಕಿವಿಗೆ ಬಿದ್ದ ದಿನವೇ ಹಾಡು ಹುಟ್ಟಿತೆಂದು ತಿಳಿಯುವುದು ನಮ್ಮಂಥ ಓದುಬಲ್ಲವರ ಹಳೆಯ ಜಾಡ್ಯ.

ನನ್ನ ಜಗಳ ಪಟ್ಟಿಯಲ್ಲಿ ಇರುವುದರ ಮೇಲಲ್ಲ, ಇಲ್ಲದುದರ ಮೇಲೆ. ಆ ಕಾಲದಲ್ಲಿ ಮಳವಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ, ಪೂರಿಗಾಲಿಯ ಟೀ ಅಂಗಡಿಯಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳಲ್ಲಿ, ಆಲೆಮನೆಯ ಬೆಂಕಿಯ ಮುಂದೆ ಯಾವ ಕ್ಯಾಸೆಟ್ಟು ಓಡುತ್ತಿತ್ತು? ‘ನಿತ್ಯೋತ್ಸವ’ವೇ? ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ. ಅಲ್ಲಿ ಓಡುತ್ತಿದ್ದದ್ದು ತಂಬೂರಿಯವರ ಕಥೆ. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಲೆಯ ಮಾದಪ್ಪ. ಮಳವಳ್ಳಿ ಮಹದೇವಸ್ವಾಮಿಯವರೂ ಅವರಂಥ ಇತರ ಕಥೆಗಾರರೂ ಹಾಡಿದ ಕಥಾಕ್ಯಾಸೆಟ್ಟುಗಳು. ಪಟ್ಟಿ ಮಾಡಿದ ಹುಡುಗ ಇದೇ ಊರಿನವನು. ಇದೇ ಟೀ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಾ ಅವನ್ನು ಕೇಳಿ ಬೆಳೆದವನು. ಅವನ ಹತ್ತರಲ್ಲಿ ಒಂದೂ ಅದಿಲ್ಲ.

ಆ ಕಥೆಯಾದರೂ ಯಾವ ದೇಶದ್ದು? ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ನಮ್ಮ ತಾಲ್ಲೂಕಿನದು. ಮಂಟೇಸ್ವಾಮಿ ಶಿಷ್ಯನಾಗಿ ಬೇಡಿ ಪಡೆದ ಕೆಂಪಾಚಾರಿ, ಮುಂದೆ ಸಿದ್ದಪ್ಪಾಜಿಯಾದವನು, ಮದ್ದೂರಿನ ಕಡೆಯ ನಿಡಘಟ್ಟದ ಆಚಾರಿಗಳ ಮನೆಯ ಮಗ. ಅವನು ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರಿಂದ ಬಗೆಬಗೆಯ ಪರೀಕ್ಷೆಗೆ ಒಳಗಾದದ್ದು ನಮ್ಮ ಹಲಗೂರಿನಲ್ಲಿ. ಅವನು ನೆಲೆಗೊಂಡದ್ದು ಕಾವೇರಿಯಾಚೆ ಚಿಕ್ಕಲ್ಲೂರಿನಲ್ಲಿ. ಪುಷ್ಯದ ಹುಣ್ಣಿಮೆಗೆ ಈಗಲೂ ಜನ ಗಾಡಿ ಕಟ್ಟಿಕೊಂಡು ಹೋಗುತ್ತಾರೆ. ಕಲ್ಯಾಣದ ಶರಣರ ಬಾಗಿಲಿಗೆ ನಾರುವ ಮೈ ಹೊತ್ತು ಬಂದು, ‘ನಿಮ್ಮ ಸಮಾನತೆ ನನ್ನ ಮೈಯ ನಾತವನ್ನು ತಾಳುತ್ತದೆಯೇ’ ಎಂದು ಪರೀಕ್ಷಿಸುವ ಒಬ್ಬ ಗುರುವಿನ ಕಥೆ ಇದು. ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಭಾವಗೀತೆಯ ಯಾವ ಕ್ಯಾಸೆಟ್ಟಿನಲ್ಲಿಯೂ ನಾನು ಕೇಳಿಲ್ಲ.

ಹಾಡಿಕೆಯ ಕ್ರಮವನ್ನು ಗಮನಿಸಿ. ನೀಲಗಾರರಲ್ಲಿ ಮುಖ್ಯ ಗಾಯಕನ ಕೈಯಲ್ಲಿ ತಂಬೂರಿ, ಗಗ್ಗರ. ಪಕ್ಕದವರಲ್ಲಿ ಡಕ್ಕೆ, ತಾಳ. ಅವನು ಒಂದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳದವರು ಹಿಡಿದುಕೊಳ್ಳುತ್ತಾರೆ. ಹಾಡು ಎಲ್ಲಿ ಮಾತಾಗುತ್ತದೆ, ಮಾತು ಎಲ್ಲಿ ಹಾಡಾಗುತ್ತದೆ ಎಂಬ ಗೆರೆ ತಿಳಿಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಒಂದು ಬದಿಯೆಂದರೆ ಅರ್ಧ ಗಂಟೆಯ ಒಂದೇ ಉಸಿರು. ಇದರಿಂದ ಒಂದು ಹಾಡನ್ನು ಮಾತ್ರ ಕಿತ್ತು ಕೊಡಿ ಎಂದರೆ ಕೊಡಲು ಬರುವುದಿಲ್ಲ. ಆಲ್ಬಮ್ ಎಂಬುದು ಹಾಡುಗಳ ಗಂಟಲ್ಲ, ಆದ್ಯಂತ ಕೇಳಬೇಕಾದ ಒಂದು ಕೃತಿ ಎಂದಾದರೆ, ಆ ಮಾತಿಗೆ ಕನ್ನಡದಲ್ಲಿ ಸಲ್ಲುವುದು ಇವೇ. ಉಳಿದವು ಬಹುಪಾಲು ಒಳ್ಳೆಯ ಹಾಡುಗಳ ಸಂಚಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಎಂಬತ್ತರ ದಶಕದಲ್ಲಿ, ನಾನಾಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಗೀತಗಾಯನ ಸ್ಪರ್ಧೆ. ತೀರ್ಪುಗಾರ ನಾನು. ನೀಲಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, ಎಡಗೈಯನ್ನು ಕಿವಿಗೆ ಹಚ್ಚಿ, ಸಿದ್ದಪ್ಪಾಜಿ ಹಲಗೂರಿಗೆ ಹೋಗುವ ಭಾಗವನ್ನು ಆರಂಭಿಸಿದ. ಎರಡು ನಿಮಿಷವಾಗಿರಬಹುದು. ‘ಇದು ಗೀತೆಯಲ್ಲಪ್ಪ, ಕಥೆ. ಭಾವಗೀತೆ ಗೊತ್ತಿದ್ದರೆ ಹಾಡು, ಇಲ್ಲದಿದ್ದರೆ ಕುಳಿತುಕೋ’ ಎಂದೆ. ‘ಪದ ಇನ್ನೂ ಮುಗ್ದಿಲ್ಲ ಸಾ’ ಎಂದ. ಹುಡುಗರು ನಕ್ಕರು. ನಾನೂ ನಕ್ಕೆ. ಅವನು ಕುಳಿತ. ಬಹುಮಾನವನ್ನು, ‘ನಿತ್ಯೋತ್ಸವ’ವನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ, ವಾದ್ಯ ನುಡಿಯುವಷ್ಟು ಹೊತ್ತು ಸುಮ್ಮನೆ ನಿಂತು, ಒಪ್ಪಿಸಿದ ಒಬ್ಬ ಹುಡುಗಿಗೆ ಕೊಟ್ಟೆ. ಅವಳ ತಪ್ಪೇನೂ ಇಲ್ಲ; ಚೆನ್ನಾಗಿಯೇ ಹಾಡಿದಳು. ಆದರೆ ಆ ದಿನ ಆ ಕೊಠಡಿಯಲ್ಲಿ ಹಾಡನ್ನು ಅಪ್ಪನಿಂದ ಕಲಿತಿದ್ದವನು ಒಬ್ಬನೇ, ಉಳಿದವರೆಲ್ಲ ಟೇಪಿನಿಂದ ಕಲಿತವರು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಹುಮಾನ ಕೊಡುತ್ತಿದ್ದೆನೋ ಇಲ್ಲವೋ. ಆ ಹುಡುಗ ಈಗಲೂ ಸಂತೆಯಲ್ಲಿ ಸಿಕ್ಕಿದರೆ ‘ಮೇಷ್ಟ್ರೇ, ಚೆಂದಾಗಿದ್ದೀರಾ’ ಎಂದು ಕೈಮುಗಿಯುತ್ತಾನೆ. ಆ ಸ್ಪರ್ಧೆಯ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಆದುದರಿಂದ ಪಟ್ಟಿ ಮಾಡಿದವನನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಯಾವುದು ಹಾಡು, ಯಾವುದು ಹಾಡಲ್ಲ ಎಂದು ಅವನಿಗೆ ಕಲಿಸಿದವರು ನಾವೇ.

ನನ್ನ ಇನ್ನೊಬ್ಬ ಶಿಷ್ಯ ಪಾಶ್ಚಾತ್ಯ ಸಂಗೀತದ ಹುಚ್ಚಿನವನು. ಈ ವಿಷಯ ಅವನೊಡನೆ ಮಾತನಾಡುವಾಗ ಒಂದು ಸಂಗತಿ ಹೇಳಿದ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಐನೂರು ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಮೊದಲನೆಯದಾಗಿತ್ತು. ಕಪ್ಪುಜನರ ಸೋಲ್ ಸಂಗೀತದ ಗಾಯಕ ಮಾರ್ವಿನ್ ಗೇ 1971ರಲ್ಲಿ ಹೊರತಂದ ‘ವಾಟ್ಸ್ ಗೋಯಿಂಗ್ ಆನ್’ ಆರನೆಯದು. 2020ರಲ್ಲಿ ಅದೇ ಪತ್ರಿಕೆ ಮರುಪರಿಶೀಲಿಸಿ ಅದನ್ನು ಮೊದಲನೆಯ ಸ್ಥಾನಕ್ಕೆ ತಂದಿತು. ಯುದ್ಧ, ಬಡತನ, ಬೀದಿಯ ಕಷ್ಟ, ಒಂದು ಹಾಡು ಇನ್ನೊಂದರೊಳಕ್ಕೆ ಹರಿದುಹೋಗುವ ಕೃತಿ. ಮೊದಲ ಹಾಡನ್ನು ಕೇಳಿ ಕಂಪನಿಯ ಯಜಮಾನನೇ ಮೂಗು ಮುರಿದಿದ್ದನಂತೆ. ಜಮೈಕಾದ ಬಡ ಬಡಾವಣೆಯಿಂದ ಬಂದ ಬಾಬ್ ಮಾರ್ಲಿಯ 1977ರ ‘ಎಕ್ಸೋಡಸ್’ ಅನ್ನು ‘ಟೈಮ್’ ಪತ್ರಿಕೆ 1999ರಲ್ಲಿ ಶತಮಾನದ ಆಲ್ಬಮ್ ಎಂದಿತು. ಎರಡನ್ನೂ ಅವನು ಕೇಳಿಸಿದ. ಭಾಷೆ ಪೂರ್ತಿ ಹಿಡಿಯಲಿಲ್ಲ. ಮಾರ್ಲಿಯ ಹಿಂದೆ ಹೆಣ್ಣುದನಿಗಳು ಸೊಲ್ಲು ಹಿಡಿಯುವಾಗ ಮಾತ್ರ ಇದು ನನಗೆ ಗೊತ್ತಿರುವುದೇ ಎನಿಸಿತು. ಅವರು ಪಟ್ಟಿಯನ್ನು ತಿದ್ದಿಕೊಳ್ಳಬಹುದಾದರೆ ನಾವು ತಿದ್ದಿಕೊಳ್ಳಬಾರದೇ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಅದು ಜಾನಪದ, ಅದರ ಗೌರವ ಅದಕ್ಕಿದೆ, ಇದು ಬೇರೆ ವಿಭಾಗ’ ಎನ್ನುವರು. ನಿಜ, ಗೌರವಕ್ಕೇನೂ ಕೊರತೆಯಿಲ್ಲ. ಈ ಕಾವ್ಯಗಳನ್ನು ವಿದ್ವಾಂಸರು ಸಂಪಾದಿಸಿ ದಪ್ಪ ಗ್ರಂಥಗಳಾಗಿ ಅಚ್ಚು ಹಾಕಿಸಿದ್ದಾರೆ. ಎಚ್.ಎಸ್. ಶಿವಪ್ರಕಾಶರು ಮಂಟೇಸ್ವಾಮಿಯ ಕಥೆಯಿಂದ ನಾಟಕ ಬರೆದರು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಮಾದಪ್ಪನ ಪರಂಪರೆಯಿಂದ ಬಂದ ‘ಕೋಲುಮಂಡೆ’ ಹಾಡನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಎಲ್ಲವೂ ಸಂತೋಷವೇ. ಆದರೆ ನೋಡಿ: ಗ್ರಂಥವಾದರೆ ಒಪ್ಪುತ್ತೇವೆ, ನಾಟಕವಾದರೆ ಒಪ್ಪುತ್ತೇವೆ, ಸಿನಿಮಾ ಆದರೆ ಕುಣಿಯುತ್ತೇವೆ. ಆ ಕಥೆಯವನೇ ತನ್ನ ಕೊರಳಿನಲ್ಲಿ ಹಾಡಿ, ತನ್ನ ಹೆಸರನ್ನು ಹಾಕಿಸಿಕೊಂಡು, ಮಾರುಕಟ್ಟೆಗೆ ತಂದ ಕೃತಿಯನ್ನು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿಯೇ ಬಿಟ್ಟು ಬರುತ್ತೇವೆ. ಕಚ್ಚಾವಸ್ತುವಾಗಿ ಬೇಕು, ಕಲಾವಿದನಾಗಿ ಬೇಡ.

ಈ ಕ್ಯಾಸೆಟ್ಟುಗಳೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ರಾತ್ರಿಯಿಡೀ ಹಾಡುವ ಕಥೆಯನ್ನು ಒಂದು ಗಂಟೆಗೆ ಅಮುಕುವಾಗ ಎಷ್ಟೋ ಸೊಗಸು ಹೋಗಿದೆ. ಕೆಲವದರಲ್ಲಿ ಕೀಬೋರ್ಡು ಸೇರಿಸಿ ತಂಬೂರಿಯ ದನಿಯೇ ಕೇಳದಂತೆ ಮಾಡಿದ್ದಾರೆ. ಹೆಣ್ಣುಮಕ್ಕಳ ಗೋಳನ್ನು ಮಾರಾಟಕ್ಕಾಗಿ ಬೇಕೆಂದೇ ಎಳೆದಿರುವುದೂ ಉಂಟು. ನನ್ನ ಬಳಿಯಿರುವ ಹನ್ನೊಂದರಲ್ಲಿ ನಾಲ್ಕನ್ನು ಮತ್ತೆ ಕೇಳುವ ಆಸೆ ನನಗಿಲ್ಲ. ಆದರೆ ಉಳಿದ ಏಳರಲ್ಲಿ ಎರಡು ‘ನಿತ್ಯೋತ್ಸವ’ದ ಪಕ್ಕದಲ್ಲಿ ಕೂರಬಲ್ಲವು. ಒಂದು ಅದಕ್ಕಿಂತ ಮೇಲೆ ಕೂರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಸರ್ಕಾರ, ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆಜ್ಞೆ ಹೊರಡಿಸಿತು. ಅದಕ್ಕೆ ಮೊದಲು ವರ್ಷಗಟ್ಟಲೆ ಅನಂತಸ್ವಾಮಿ ಧಾಟಿಯೋ ಅಶ್ವಥ್ ಧಾಟಿಯೋ ಎಂದು ವಾದ ನಡೆದಿತ್ತು. ನಡೆಯಲಿ, ಬೇಡವೆನ್ನುವವನು ನಾನಲ್ಲ. ಅದೇ ವರ್ಷಗಳಲ್ಲಿ ನಮ್ಮ ಅಟ್ಟಗಳ ಮೇಲೆ ಈ ಕಥೆಗಳ ಟೇಪು ಬೂಸಲು ಹಿಡಿಯುತ್ತಿತ್ತು.

ಹೀಗಾಗಿ ಪಟ್ಟಿಗೆ ಸಹಿ ಹಾಕುವ ಬದಲು ಒಂದು ಕೆಲಸ ಕೇಳುತ್ತೇನೆ. ಪೂರಿಗಾಲಿಯಲ್ಲಿ, ಮಳವಳ್ಳಿಯಲ್ಲಿ, ಮದ್ದೂರಿನಲ್ಲಿ ಮನೆಯಿರುವ ನೀವೆಲ್ಲ, ಬಂಧುಗಳೂ ಸೇರಿ, ಅಟ್ಟ ಹತ್ತಿ ನೋಡಿ. ಸಿಕ್ಕಿದ ಕ್ಯಾಸೆಟ್ಟನ್ನು ಕೂಡಲೇ ಯಂತ್ರಕ್ಕೆ ಹಾಕಬೇಡಿ. ಅಂಟಿಕೊಂಡ ಟೇಪು ಹರಿಯುತ್ತದೆ. ತೇವವಿಲ್ಲದ ಕಡೆ ಕೆಲವು ದಿನ ಇಟ್ಟು, ಪೆನ್ಸಿಲ್ಲಿನಿಂದ ನಿಧಾನವಾಗಿ ಸುತ್ತಿ ಸಡಿಲಿಸಿ. ಹೊದಿಕೆಯ ಕಾಗದವನ್ನು ಎಸೆಯಬೇಡಿ. ಹಿಮ್ಮೇಳದವರ ಹೆಸರು ಅದರ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಮನೆಯ ಹಿರಿಯರಿಗೆ ಗೊತ್ತಿದ್ದರೆ ಈಗಲೇ ಕೇಳಿ ಬರೆದಿಡಿ. ನನ್ನಲ್ಲಿರುವ ಸಿದ್ದಪ್ಪಾಜಿ ಕಥೆಯಲ್ಲಿ ಹಲಗೂರಿನ ಪವಾಡದ ಎರಡನೆಯ ಬದಿ ನಡುವೆ ತುಂಡಾಗಿದೆ. ಕೆಂಪಾಚಾರಿ ಪಾಂಚಾಳರ ಬಾಗಿಲಲ್ಲಿ ನಿಂತಿದ್ದಾನೆ, ಅಲ್ಲಿಗೆ ಟೇಪು ಕಡಿದಿದೆ. ಯಾರ ಮನೆಯಲ್ಲಾದರೂ ಮುಂದಿನ ಭಾಗವಿದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.