ಹೋದ್ಸಲ ಏನೂ ಆಗಿರ್ಲಿಲ್ಲವಲ್ಲ!

ಹನೂರಿನ ಹತ್ತಿರದ ತೋಟದಲ್ಲಿ ನಮ್ಮ ದೊಡ್ಡಪ್ಪನಿಗೆ ಜೇನು ಕಚ್ಚಿತು. ಒಂದೇ ಒಂದು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ತುಟಿ ಊತ. ಆಸ್ಪತ್ರೆಗೆ ಹೋಗೋಣ ಅಂದ್ರೆ, "ಹೋದ್ಸಲ ಕಚ್ದಾಗ ಏನೂ ಆಗ್ನಿಲ್ಲ, ಸುಮ್ನಿರು ಮಗ" ಅಂದರು. ಉಸಿರು ಕಟ್ಟೋಕೆ ಶುರುವಾದ ಮೇಲೇ ಕಾರು ಹತ್ತಿದ್ದು.

ಎಡವಟ್ಟು ಇರೋದೇ ಆ "ಹೋದ್ಸಲ"ದಲ್ಲಿ. ಮೊದಲು ಕಚ್ಚಿದಾಗ ಕೆಲವರ ದೇಹ ಆ ವಿಷದ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿ, ಮಾಸ್ಟ್ ಕೋಶಗಳ ಮೇಲೆ ಕೂರಿಸಿಡುತ್ತದೆ. ಮತ್ತೆ ಕಚ್ಚಿದರೆ ಆ ಕೋಶಗಳು ನಿಮಿಷಗಳಲ್ಲಿ ಹಿಸ್ಟಮಿನ್ ಚೆಲ್ಲುತ್ತವೆ. ರಕ್ತನಾಳ ಸಡಿಲವಾಗಿ ಬಿಪಿ ಕುಸಿಯುತ್ತೆ, ಶ್ವಾಸನಾಳ ಬಿಗಿಯುತ್ತೆ. ಇದೇ ಅನಾಫಿಲ್ಯಾಕ್ಸಿಸ್.

ನಮ್ಮನ್ನು ಕಾಯಬೇಕಾದ ವ್ಯವಸ್ಥೆ ಹೀಗೆ ಅತಿಯಾಗಿ ವರ್ತಿಸುವುದನ್ನು ಜೆಲ್ ಮತ್ತು ಕೂಂಬ್ಸ್ ಎಂಬ ವಿಜ್ಞಾನಿಗಳು 1963ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದರು. ದೊಡ್ಡಪ್ಪನದು ಮೊದಲನೆಯದು. ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಕೆಲವರಿಗೆ ಅಲರ್ಜಿಯಿಂದ ಬರುವ ಉಬ್ಬಸವೂ ಇದೇ ಜಾತಿ, ಕೊಳ್ಳೇಗಾಲದವರು ಗಮನಿಸಬೇಕಾದ್ದು.

ಎರಡನೆಯದರಲ್ಲಿ ಪ್ರತಿಕಾಯಗಳು ನೇರವಾಗಿ ಜೀವಕೋಶಕ್ಕೇ ಅಂಟಿಕೊಳ್ಳುತ್ತವೆ. ಗುಂಪು ಹೊಂದದ ರಕ್ತ ಕೊಟ್ಟರೆ ಕೆಂಪು ರಕ್ತಕಣ ಒಡೆಯುವುದು ಹೀಗೆ.

ಮೂರನೆಯದಕ್ಕೆ ಹಾವಿನ ಉದಾಹರಣೆ. ಹಾವು ಕಚ್ಚಿದವರಿಗೆ ಕೊಡುವ ಆಂಟಿವೆನಮ್ ಕುದುರೆಯ ರಕ್ತದಿಂದ ತಯಾರಾಗುತ್ತೆ. ನಮ್ಮ ಪ್ರತಿಕಾಯ, ಕುದುರೆಯ ಪ್ರೋಟೀನು ಎರಡೂ ಸೇರಿ ಗಂಟಾಗಿ ರಕ್ತನಾಳ, ಕೀಲುಗಳಲ್ಲಿ ಕೂರುತ್ತವೆ. ಒಂದೆರಡು ವಾರದ ಬಳಿಕ ಕೆಲವರಿಗೆ ಜ್ವರ, ಕೀಲುನೋವು, ದದ್ದು. ಹಾಗಂತ ಆಂಟಿವೆನಮ್ ಬೇಡ ಅನ್ನಬೇಡಿ. ಜೀವ ಉಳಿಸೋದು ಅದೇ. ಮನೆಗೆ ಬಂದ ಮೇಲೆ ಹೀಗಾದರೆ ವೈದ್ಯರಿಗೆ ತೋರಿಸಿ, ಅಷ್ಟೆ.

ನಾಲ್ಕನೆಯದು ನಿಧಾನದ್ದು. ಯಳಂದೂರಿನ ಕಡೆ ರಸ್ತೆ ಬದಿಯ ಪಾರ್ಥೇನಿಯಂ ಕಿತ್ತಿರಿ ಅಂದ್ಕೊಳ್ಳಿ. ಹೌದು, ಅದೇ ಕಾಂಗ್ರೆಸ್ ಗಿಡ. ಇಲ್ಲಿ ಕೆಲಸ ಮಾಡುವುದು ಪ್ರತಿಕಾಯವಲ್ಲ, ಟಿ ಕೋಶ. ಅಲರ್ಜಿ ಇದ್ದವರಿಗೆ ತುರಿಕೆ ಏಳೋದು ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಗಿಡ ಮರೆತಿರುತ್ತೆ. ನಾವು ಸೋಪು ಬದಲಿಸ್ತೀವಿ!

ದೊಡ್ಡಪ್ಪ ಬದುಕಿದ್ದು ತೊಡೆಗೆ ಕೊಟ್ಟ ಅಡ್ರಿನಲಿನ್ ಇಂಜೆಕ್ಷನ್‌ನಿಂದ. ಮನೆಯಲ್ಲಿರೋ ಸಿಟ್ರಿಜಿನ್ ಮಾತ್ರೆ ಅದರ ಕೆಲಸ ಮಾಡಲ್ಲ. ಕಚ್ಚಿದ ಜಾಗ ಬಿಟ್ಟು ಬೇರೆಡೆ ದದ್ದು, ಮುಖದ ಊತ, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಲಕ್ಷಣಗಳು ಮರುಕಳಿಸಬಹುದು.

ನಿಮ್ಮ ಮನೆಯ ಹಿರಿಯರು "ಹೋದ್ಸಲ ಏನೂ ಆಗ್ನಿಲ್ಲ" ಅಂದರೆ, ವಾದ ಮಾಡ್ತಾ ಕೂರಬೇಡಿ. ಗಾಡಿ ತೆಗೀರಿ.